ದಾಖಲೆಯಲ್ಲಿ ಇಲ್ಲದ ಮಾತು

ವಿದ್ಯಾರ್ಥಿ ವಸತಿಗೃಹ, ಸೋಲಾಪುರ
19 ಜನವರಿ 2025

ಪ್ರೀತಿಯ ದೀಪಾಲಿ ಅಕ್ಕಾ,

ತಿಂಗಳಿಗೊಂದು ಪತ್ರ ಬರಿ, ಅದೂ ಕನ್ನಡದಲ್ಲೇ ಬರಿ ಎಂದು ದೀಪಾವಳಿಗೆ ಬಂದಾಗ ನೀನು ಹೇಳಿ ಹೋಗಿದ್ದೆ. ನಾನು ಬರೆಯಲಿಲ್ಲ. ನಮ್ಮೂರು ಕರಜಗಿಯ ಕನ್ನಡ ಸಾಲಿಯಲ್ಲಿ ಕಲಿತದ್ದೆಲ್ಲ ಇಲ್ಲಿ ಮರಾಠಿ, ಇಂಗ್ಲಿಷ್ ಕಾಯಿದೆ ಪುಸ್ತಕಗಳ ಅಡಿಯಲ್ಲಿ ಸಿಕ್ಕಿಬಿದ್ದಿದೆ. ಒತ್ತಕ್ಷರ ತಪ್ಪಿದರೆ ನಗಬೇಡ. ಫೋನಿನಲ್ಲಿ ನೀನು ಸಿಗುವುದೇ ಡ್ಯೂಟಿಯ ನಡುವೆ. ಊಟ ಆಯಿತೇ ಎಂಬುದನ್ನು ದಾಟಿ ನಮ್ಮ ಮಾತು ಮುಂದೆ ಹೋಗುವುದಿಲ್ಲ. ಈ ಸಲ ದಾಟಬೇಕಾಗಿದೆ. ನನಗೆ ನಿನ್ನ ಸಹಾಯ ಬೇಕು.

ನಮ್ಮ ಲಾ ಕಾಲೇಜಿನಲ್ಲಿ ಮಾಕ್ ಟ್ರಯಲ್ ಸ್ಪರ್ಧೆ ಇಟ್ಟಿದ್ದಾರೆ. ವಕೀಲರು, ಸಾಕ್ಷಿಗಳು, ಆರೋಪಿ ಎಲ್ಲರೂ ನಾವೇ. ಕೋರ್ಟು ಆಟದ್ದು, ಕಾಯಿದೆ ಮಾತ್ರ ಖರೆಯದು. ನಮ್ಮ ಗುರುಸಿದ್ಧ ಸರ್ ಪೇಪರಿನ ಒಂದು ಸುದ್ದಿ ತೆಗೆದುಕೊಂಡು, ಊರು, ಹೆಸರು ಬದಲಿಸಿ, ಮರಾಠಿಯಲ್ಲಿ ಪ್ರಕರಣ ಬರೆದು ಕೊಟ್ಟಿದ್ದಾರೆ. ಒಂದು ಮಾರ್ಕೆಟ್ ಯಾರ್ಡು. ಉಳ್ಳಾಗಡ್ಡಿಯ ಭಾವ ಬಿದ್ದು ದರ ಸಿಗುತ್ತಿಲ್ಲವೆಂದು ಸಿಟ್ಟಿಗೆದ್ದ ಹುಡುಗರು ಹರಾಜು ನಿಲ್ಲಿಸಿ ಗೇಟು ಹಾಕುತ್ತಾರೆ. ವ್ಯಾಪಾರಿಯೊಬ್ಬನ ಆಫೀಸಿನ ಗಾಜು ಒಡೆಯುತ್ತದೆ. ಅಷ್ಟರಲ್ಲಿ ಹೊರಗಿನಿಂದ ಬಂದ ಒಬ್ಬ ಮುದುಕ ರೈತ ಚೀಲಗಳ ಮೇಲೆ ಹತ್ತಿ, ಕೈ ಬೀಸುತ್ತ, ‘ಮಾರ ರೇ, ಮಾರ ರೇ’ ಎಂದು ಜನರಿಗೆ ಕೂಗುತ್ತಾನೆ. ಹೊಡೀರಿ, ಹೊಡೀರಿ ಎಂದು. ಇನ್‌ಸ್ಪೆಕ್ಟರ್ ಲಾಠಿ ಬೀಸಲು ಹುಕುಂ ಕೊಡುತ್ತಾನೆ. ಮುದುಕ ಕೆಳಗೆ ಬಿದ್ದು ಮೊಳಕೈ ಮುರಿಯುತ್ತದೆ. ಆ ಬಲಪ್ರಯೋಗ ಕಾಯಿದೆಗೆ ಹೊಂದುತ್ತದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ಚೀಟಿ ಎತ್ತಿದಾಗ ನನಗೆ ಇನ್‌ಸ್ಪೆಕ್ಟರನ ಪರ ಬಂತು. ಹಾಸ್ಟೆಲಿನಲ್ಲಿ ಎಲ್ಲರೂ ನಕ್ಕರು, ಅಕ್ಕ ಪೊಲೀಸ್, ತಮ್ಮ ಪೊಲೀಸರ ವಕೀಲ ಎಂದು. ಎದುರು ಪಕ್ಷದಲ್ಲಿ ಶೀತಲ ಎಂಬ ಹುಡುಗಿ ಇದ್ದಾಳೆ. ಸೋಲಾಪುರದ ಬಟ್ಟೆ ವ್ಯಾಪಾರಿಗಳ ಮನೆಯವಳು, ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಅವಳ ಹತ್ತಿರ ಪುಸ್ತಕಗಳಿವೆ, ನನ್ನ ಹತ್ತಿರ ನೀನಿದ್ದೀ. ಗುಂಪಿನ ಎದುರು ನಿಂತಾಗ ಪೊಲೀಸರಿಗೆ ಏನಾಗುತ್ತದೆ? ಹುಕುಂ ಹೇಗೆ ಬರುತ್ತದೆ? ಪುಸ್ತಕದಲ್ಲಿ ಇಲ್ಲದ್ದನ್ನು ಬರಿ.

ನಿನ್ನ ತಮ್ಮ,
ಶುಭಂ


ಮಹಿಳಾ ಪೊಲೀಸ್ ವಸತಿಗೃಹ
3 ಫೆಬ್ರುವರಿ 2025

ಶುಭಂ,

ಪತ್ರ ಸಿಕ್ಕು ಬಹಳ ದಿನವಾಯಿತು. ಉತ್ತರ ಬರೆಯಲು ಕೂತೆ, ಎದ್ದೆ. ಕೆಲಸವಿತ್ತು ಎಂದುಕೋ.

ನೀನು ಕೇಳಿದ್ದನ್ನು ಹೇಳುತ್ತೇನೆ. ಟ್ರೇನಿಂಗಿನಲ್ಲಿ ನಮಗೆ ಕಲಿಸುವುದು ಇಷ್ಟು: ಗುಂಪು ಚದುರಬೇಕೆಂದು ಮೊದಲು ಭೋಂಗಾದ ಮೈಕಿನಲ್ಲಿ ಸಾರಿ ಹೇಳಬೇಕು, ಕೇಳಿಸುವಂತೆ ಹೇಳಬೇಕು. ಹೋಗಲು ದಾರಿ ಬಿಡಬೇಕು. ಆಮೇಲೂ ಚದುರದಿದ್ದರೆ ಮಾತ್ರ ಲಾಠಿ. ಸೊಂಟದ ಕೆಳಗೆ ಹೊಡೆಯಬೇಕು. ಬಿದ್ದವರನ್ನು ಮುಟ್ಟಬಾರದು. ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಒಂದು ಏಟು ಹೆಚ್ಚಲ್ಲ.

ನಿಂತಾಗ ಬೇರೆ. ಧೂಳು ಏಳುತ್ತದೆ. ಹೆಲ್ಮೆಟ್ಟಿನ ಒಳಗೆ ನಿನ್ನ ಉಸಿರೇ ನಿನಗೆ ಜೋರಾಗಿ ಕೇಳುತ್ತದೆ. ಎದುರಿನ ಮುಖಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ, ಎಲ್ಲ ಸೇರಿ ಒಂದೇ ಮುಖ. ಪಕ್ಕದವನ ಹೆದರಿಕೆ ನಿನ್ನ ಮೈಗೆ ಹತ್ತುತ್ತದೆ. ಆಗ ಒಂದು ಶಬ್ದ ಕಿವಿಗೆ ಬಿದ್ದರೆ ಅದರ ಅರ್ಥವೇನು ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಕಿವಿಗೆ ಏನು ಕೇಳಿತೋ ಅದೇ ಖರೆ ಆಗಿಬಿಡುತ್ತದೆ.

ಇದಕ್ಕಿಂತ ಆಳಕ್ಕೆ ಹೋಗಬೇಡ. ನಿಯಮಗಳನ್ನು ಹಿಡಿದು ಮಾತಾಡು, ಸಾಕು.

ನನ್ನನ್ನು ಹೊರಗಿನ ಬಂದೋಬಸ್ತಿನಿಂದ ತೆಗೆದು ಆಫೀಸಿನ ಟಪಾಲು ಕೆಲಸಕ್ಕೆ ಹಾಕಿದ್ದಾರೆ. ಅಪ್ಪನಿಗೂ ಅವ್ವನಿಗೂ ಹೇಳಬೇಡ, ಸುಮ್ಮನೆ ಏನಾದರೂ ಅಂದುಕೊಳ್ಳುತ್ತಾರೆ.

ನಿಮ್ಮ ಸರ್ ಬರೆದ ಕಾಗದದಲ್ಲಿ ಆ ಮುದುಕ ಯಾವ ಕಡೆಯವನು ಎಂದು ಇದೆಯೇ?

ದೀಪಾಲಿ


ಸೋಲಾಪುರ
16 ಫೆಬ್ರುವರಿ 2025

ಅಕ್ಕಾ,

ಮೊದಲ ಸುತ್ತು ಗೆದ್ದೆವು. ಗೆದ್ದದ್ದು ನಾನಲ್ಲ, ನೀನು.

ಶೀತಲ ತುಂಬ ಚೆನ್ನಾಗಿ ವಾದ ಮಾಡಿದಳು. ಒಂದೇ ಸಲ ಸಾರಿದ್ದು ಸಾಲದು, ಗೇಟು ಹಾಕಿದ್ದರಿಂದ ಜನರಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ ಎಂದಳು. ನಾನು ಎದ್ದು ನಿಂತು ನಿನ್ನ ಧೂಳು, ನಿನ್ನ ಹೆಲ್ಮೆಟ್ಟು, ಆ ಒಂದೇ ಮುಖ ಎಲ್ಲವನ್ನೂ ಮರಾಠಿಯಲ್ಲಿ ಹೇಳಿದೆ. ಕಡೆಗೆ, ‘ಆ ಹೊತ್ತಿಗೆ ಕಿವಿಗೆ ಕೇಳಿದ್ದೇ ಸತ್ಯ’ ಎಂದೆ. ತೀರ್ಪು ಕೊಡಲು ಬಂದಿದ್ದ ವಕೀಲರು ಆ ಮಾತನ್ನೇ ಹಿಡಿದರು. ಅಧಿಕಾರಿಗೆ ಅಪಾಯವಿದೆ ಎಂದು ಪ್ರಾಮಾಣಿಕವಾಗಿ ಅನಿಸಿದ್ದರೆ, ಅನಿಸಿದ್ದು ಆಮೇಲೆ ತಪ್ಪೆಂದು ಕಂಡರೂ ಅವನಿಗೆ ರಕ್ಷಣೆ ಇದೆ ಎಂದರು.

ಹೊರಗೆ ಬಂದಾಗ ಶೀತಲ ನನ್ನನ್ನು ನಿಲ್ಲಿಸಿ, ‘ಆ ಮುದುಕನ್ನ ಯಾರರೆ ಕೇಳ್ಯಾರೇನು, ನೀ ಏನ್ ಒದರಿದಿ ಅಂತ?’ ಎಂದು ಕೇಳಿದಳು. ಅವಳಿಗೆ ಕನ್ನಡ ಬರುತ್ತದೆ ಎಂದು ಅವತ್ತೇ ಗೊತ್ತಾಯಿತು. ಪ್ರಕರಣದಲ್ಲಿ ಇಲ್ಲದ್ದನ್ನು ಕೇಳುವ ಹಾಗಿಲ್ಲ ಎಂದು ಹೇಳಿ ಕಳಿಸಿದೆ. ನೀನು ಕೇಳಿದ್ದಕ್ಕೂ ಅದೇ ಉತ್ತರ. ಹೊರಜಿಲ್ಲೆಯ ರೈತ ಎಂದಷ್ಟೇ ಬರೆದಿದ್ದಾರೆ.

ಇದೇ ಎರಡು ಪಕ್ಷಗಳ ನಡುವಿನ ಮುಕ್ತಾಯದ ಸುತ್ತು ಹೋಳಿಯ ಮರುದಿನ. ನಿವೃತ್ತ ಜಿಲ್ಲಾ ನ್ಯಾಯಾಧೀಶರೊಬ್ಬರು ಬರುತ್ತಾರೆ. ಅದಕ್ಕೂ ನಿನ್ನಿಂದ ಇನ್ನಷ್ಟು ಬೇಕು.

ಆಫೀಸಿನ ಕೆಲಸ ಸಿಕ್ಕದ್ದು ಒಳ್ಳೆಯದಾಯಿತಲ್ಲ, ಅದನ್ನೇಕೆ ಮುಚ್ಚಿಡುತ್ತೀ? ಬಿಸಿಲು ತಪ್ಪಿತು. ಕಳೆದ ವಾರ ಕರಜಗಿಗೆ ಹೋಗಿದ್ದೆ. ಅವ್ವ ಅಕ್ಕಲಕೋಟದ ಯಾವುದೋ ಮನೆತನದ ಸುದ್ದಿ ತೆಗೆದಳು, ಹುಡುಗನಿಗೆ ಪೊಲೀಸ್ ಹುಡುಗಿಯಾದರೆ ನಡೆಯುತ್ತದಂತೆ. ನೀನು ಇತ್ತೀಚೆಗೆ ಫೋನಿನಲ್ಲಿ ಮಾತು ಕಡಿಮೆ ಮಾಡಿರುವುದು ಅದಕ್ಕೇ ಇರಬೇಕು ಎಂದುಕೊಂಡೆ.

ಶುಭಂ


ಮಹಿಳಾ ಪೊಲೀಸ್ ವಸತಿಗೃಹ
20 ಫೆಬ್ರುವರಿ 2025

ಶುಭಂ,

ಗೆದ್ದದ್ದು ತಿಳಿಯಿತು. ಮುಂದಿನ ಸುತ್ತಿಗೆ ನನ್ನ ಮಾತುಗಳನ್ನು ಬಳಸಬೇಡ. ಯಾಕೆ ಎಂದು ಕೇಳಬೇಡ.

ಅವ್ವನಿಗೆ ಆ ಮನೆತನದ ಮಾತು ಸದ್ಯಕ್ಕೆ ಬೇಡವೆಂದು ಹೇಳು.

ದೀಪಾಲಿ


ಸೋಲಾಪುರ
25 ಫೆಬ್ರುವರಿ 2025

ಅಕ್ಕಾ,

ನಿನ್ನ ಪತ್ರವನ್ನು ನಾಲ್ಕಾರು ಸಲ ಓದಿದೆ. ಓದಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ.

ನಿನಗೆ ನಾನು ಮಾಡಿದ್ದು ಸರಿ ಅನಿಸಿಲ್ಲ ಎಂಬುದು ತಿಳಿಯಿತು. ಒಳಗಿನ ಮಾತನ್ನು ಹೊರಗೆ ಹಾಕಿದೆ, ಅಷ್ಟು ಜನರ ಮುಂದೆ ನಿನ್ನ ಕೆಲಸವನ್ನು ನಾಟಕ ಮಾಡಿದೆ ಎಂದು ಸಿಟ್ಟೇ? ಸ್ಪರ್ಧೆಯ ಹಾಲಿನಲ್ಲಿ ಕೂತವರಲ್ಲಿ ಮುಕ್ಕಾಲು ಜನ ಪೊಲೀಸರೆಂದರೆ ಮೂಗು ಮುರಿಯುವವರು. ಅವರ ಎದುರು ನಿಂತು, ಹೆಲ್ಮೆಟ್ಟಿನ ಒಳಗೂ ಹೆದರುವ ಮನುಷ್ಯರಿರುತ್ತಾರೆ ಎಂದು ಹೇಳಿದವನು ನಾನೊಬ್ಬನೇ. ನಿನಗಾಗಿಯೇ ಹೇಳಿದೆ. ನೀನು ಪೊಲೀಸ್ ನೇಮಕದ ಭರತಿಗೆ ಓಡುವಾಗ ಊರಿನವರು ಆಡಿದ ಮಾತು ನನಗೆ ಮರೆತಿಲ್ಲ. ಅಪ್ಪ ಆಗ ಬಸ್ ಸ್ಟ್ಯಾಂಡಿನಲ್ಲಿ ನಿಂತು, ‘ನನ್ನ ಮಗಳು ಓಡ್ತಾಳ, ನಿಮ್ಮ ಮಕ್ಕಳೂ ಓಡಲಿ ಬಿಡ್ರಿ’ ಎಂದಿದ್ದ. ನಾನು ಆ ಮಾತನ್ನು ಕೋರ್ಟಿನಲ್ಲಿ ಹೇಳುತ್ತಿದ್ದೇನೆ ಎಂದೇ ತಿಳಿದಿದ್ದೆ.

ನಿನ್ನ ಮಾತು ಬೇಡವೆಂದರೆ ಬಿಡುತ್ತೇನೆ. ಆದರೆ ಅವನ್ನು ತೆಗೆದರೆ ನನ್ನ ವಾದದಲ್ಲಿ ಉಳಿಯುವುದು ಬರೀ ಕಾಯಿದೆಯ ಕಲಮುಗಳು. ಅವು ಶೀತಲಳಿಗೂ ಬಾಯಿಪಾಠ ಇವೆ. ಸೋತರೆ ಸೋಲುತ್ತೇನೆ. ಕಾರಣ ಮಾತ್ರ ಹೇಳು. ಅದಕ್ಕೂ ನಾನು ಯೋಗ್ಯನಲ್ಲವಾದರೆ ಈ ಪತ್ರಗಳನ್ನು ಇಲ್ಲಿಗೇ ನಿಲ್ಲಿಸೋಣ, ಫೋನಿನಲ್ಲಿ ಊಟ ಆಯಿತೇ ಎಂದು ಕೇಳಿಕೊಂಡಿದ್ದರಾಯಿತು.

ಶುಭಂ


ಮಹಿಳಾ ಪೊಲೀಸ್ ವಸತಿಗೃಹ
2 ಮಾರ್ಚ್ 2025

ತಮ್ಮಾ,

ಸಿಟ್ಟಲ್ಲ. ಹೇಳುತ್ತೇನೆ. ಇಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ, ಹಾಗಾಗಿ ಬರೆಯಲು ಹೆದರಿಕೆ ಇಲ್ಲ. ಆದರೆ ಓದಿ ನೀನು ಏನೆನ್ನುತ್ತೀಯೋ ಎಂಬ ಹೆದರಿಕೆ ಇದೆ.

ನಿಮ್ಮ ಸರ್ ಪೇಪರಿನಿಂದ ತೆಗೆದ ಆ ಮಾರ್ಕೆಟ್ ಯಾರ್ಡು ಇಲ್ಲಿಯದೇ. ಡಿಸೆಂಬರ್ ಕೊನೆಯಲ್ಲಿ ನಡೆದದ್ದು. ನಾನು ಅಲ್ಲಿದ್ದೆ. ಇನ್‌ಸ್ಪೆಕ್ಟರ್ ಸಾಹೇಬರ ಎಡಗಡೆಗೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ.

ಮುದುಕನ ಹೆಸರು ಧೂಳಪ್ಪ. ನಮ್ಮ ಕಡೆಯವನು, ಮಂದ್ರೂಪದವನು. ಸೋಲಾಪುರಕ್ಕಿಂತ ಇಲ್ಲಿ ಭಾವ ಚೆನ್ನಾಗಿದೆ ಎಂದು ಯಾರೋ ಹೇಳಿದ್ದಕ್ಕೆ ಊರಿನ ಐದಾರು ಜನ ಸೇರಿ ಲಾರಿ ಮಾಡಿಕೊಂಡು ಬಂದಿದ್ದರು. ಹರಾಜು ನಿಂತಿತು. ಇಲ್ಲಿನ ಹುಡುಗರು ಗೇಟು ಹಾಕಿದರು. ಆತನ ಜೊತೆ ಬಂದವರೂ ಸಿಟ್ಟಿಗೆದ್ದು ಆ ಹುಡುಗರೊಂದಿಗೆ ಸೇರತೊಡಗಿದರು. ಆಗ ಆತ ಚೀಲಗಳ ಮೇಲೆ ಹತ್ತಿದ. ತನ್ನ ಊರಿನವರನ್ನು ಕರೆದು ಕೂಗಿದ. ಕೂಗಿದ್ದು ಕನ್ನಡದಲ್ಲಿ.

‘ಮಾರ್ರಿ, ಮಾರ್ರಿ. ಬಂದ ಭಾವಕ್ಕ ಮಾರಿ ಮನೀಗಿ ನಡೀರಿ.’

ನಾವು ಉಳ್ಳಾಗಡ್ಡಿ ಮಾರುತ್ತೇವಲ್ಲ, ಆ ಮಾರುವುದು. ಜಗಳ ಬಿಡಿ, ಮಾರಿ ಮನೆಗೆ ಹೋಗೋಣ ಎಂದು ಆತ ತನ್ನವರನ್ನು ಗುಂಪಿನಿಂದ ಹೊರಗೆ ಎಳೆಯುತ್ತಿದ್ದ. ನಾವು ಮಾಡಬೇಕಾದ ಕೆಲಸವನ್ನೇ ಆತ ಮಾಡುತ್ತಿದ್ದ. ಸಾಹೇಬರು ವಿದರ್ಭದವರು, ಕನ್ನಡ ಕೇಳಿಯೇ ಗೊತ್ತಿಲ್ಲ. ಅವರಿಗೆ ಕೇಳಿದ್ದು ಮರಾಠಿಯ ‘ಮಾರ ರೇ’.

ನನಗೆ ತಿಳಿಯಿತು. ತಕ್ಷಣ ತಿಳಿಯಿತು. ಆದರೆ ಶುಭಂ, ಇಲ್ಲಿಗೆ ಬಂದ ಹೊಸತರಲ್ಲಿ ಅವ್ವನ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದೆ. ಅದನ್ನು ಕೇಳಿ ಕೋಣೆಯ ಹುಡುಗಿಯರು ನಕ್ಕಿದ್ದರು. ಕೆಲವರು ‘ಕಾನಡಿ’ ಎಂದೇ ಕರೆಯುತ್ತಿದ್ದರು. ಆಮೇಲೆ ಅವರ ಎದುರು ಕನ್ನಡ ಆಡುವುದನ್ನೇ ಬಿಟ್ಟೆ. ಆ ಗದ್ದಲದಲ್ಲಿ, ಎಲ್ಲರ ನಡುವೆ, ನನಗೆ ಈ ಮಾತು ಬರುತ್ತದೆ ಎಂದು ಹೇಳಲು ನಾಲಿಗೆ ಒಂದು ಗಳಿಗೆ ಹಿಂದೆ ಸರಿಯಿತು. ‘ಸರ್’ ಎಂದೆ. ಅಷ್ಟರಲ್ಲಿ ಅವರ ಕೈ ಎದ್ದಿತ್ತು. ಸಾಲು ಓಡಿತು, ಸಾಲಿನ ಜೊತೆ ನಾನೂ ಓಡಿದೆ. ನಾನು ಯಾರನ್ನೂ ಹೊಡೆಯಲಿಲ್ಲ. ಹಾಗೆಂದು ನನಗೆ ಸಮಾಧಾನವೂ ಇಲ್ಲ.

ಆಮೇಲೆ ಆತನಿಗೆ ನೀರು ಕುಡಿಸಿದೆ. ಕಾಕಾ, ಯಾವೂರು ನಿಮ್ಮದು ಎಂದು ಕನ್ನಡದಲ್ಲಿ ಕೇಳಿದೆ. ಊರು ಹೇಳಿ, ‘ಯಾಕ ಹೊಡದ್ರವಾ?’ ಎಂದು ಕೇಳಿದ. ನಾನು ಅಂಬುಲೆನ್ಸಿನ ಬಾಗಿಲು ಹಾಕಿದೆ.

ಜೀಪಿನಲ್ಲಿ ಸಾಹೇಬರಿಗೆ ಹೇಳಿದೆ. ‘ಈಗ ಹೇಳ್ತೀಯಾ?’ ಎಂದರು. ಕೆಟ್ಟ ಮನುಷ್ಯನಲ್ಲ ಅವರು. ಅಪ್ಪನಿಗೆ ಆಪರೇಷನ್ ಆದಾಗ ಕೇಳುವ ಮೊದಲೇ ರಜೆ ಬರೆದು ಕೊಟ್ಟವರು. ಮರುದಿನ ನನ್ನ ಹೇಳಿಕೆಯ ಜಬಾಬು ಟೈಪಾಗಿ ಬಂತು. ಗುಂಪಿನಿಂದ ‘ಮಾರ ರೇ’ ಎಂಬ ಆವಾಜು ಬಂತು ಎಂದು ಅದರಲ್ಲಿತ್ತು. ಆವಾಜು ಬಂದದ್ದು ಸುಳ್ಳಲ್ಲ. ಸಹಿ ಮಾಡಿದೆ. ಆ ಸಹಿಯ ಮೇಲೆ ಈಗ ಧೂಳಪ್ಪನ ಮೇಲೆ ಕೇಸು ನಿಂತಿದೆ, ಹೊಡೆಯಲು ಜನರನ್ನು ಎಬ್ಬಿಸಿದ ಎಂದು.

ಲಾಠಿ ಬೀಸಿದ್ದರ ವಿಚಾರಣೆಗೆ ಪ್ರಾಂತ ಅಧಿಕಾರಿಯ ಚೌಕಶಿ ಇದೇ ತಿಂಗಳು ಇದೆ. ನನ್ನನ್ನೂ ಕರೆಯುತ್ತಾರೆ. ಕೇಳಿದ್ದಕ್ಕೆ ಹೌದು ಎಂದರೆ ಮುಗಿಯಿತು, ಅಲ್ಲಿ ಕನ್ನಡದ ಪ್ರಶ್ನೆ ಯಾರೂ ಎತ್ತುವುದಿಲ್ಲ.

ಮಂದ್ರೂಪ ನಿನಗೆ ಹತ್ತಿರ. ಒಂದು ದಿನ ಹೋಗಿ ಆತನ ಕೈ ಹೇಗಿದೆ ನೋಡಿ ಬಾ. ನಾನು ಯಾರು ಎಂದು ಹೇಳಬೇಡ.

ದೀಪಾಲಿ


ಸೋಲಾಪುರ
16 ಮಾರ್ಚ್ 2025

ಅಕ್ಕಾ,

ಎರಡು ಸುದ್ದಿಗಳಿವೆ. ನಡೆದ ಹಾಗೆಯೇ ಬರೆಯುತ್ತೇನೆ.

ಕಳೆದ ಭಾನುವಾರ ಮಂದ್ರೂಪಕ್ಕೆ ಹೋದೆ. ಲಾ ಓದುವ ಹುಡುಗ, ಪೇಪರಿನಲ್ಲಿ ಓದಿ ಬಂದೆ ಎಂದು ಹೇಳಿಕೊಂಡೆ. ಧೂಳಪ್ಪಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಮೊಳಕೈ ಪೂರ್ತಿ ಚಾಚಲು ಬರುವುದಿಲ್ಲ, ತುತ್ತು ಎಡಗೈಯಲ್ಲಿ ತಿನ್ನುತ್ತಾರೆ. ಅವರ ಹೆಂಡತಿ ಸಾವಿತ್ರಿಬಾಯಿ ಚಹಾ ಮಾಡಿ ತಂದರು. ಕೈಗಿಂತ ಅವರಿಗೆ ಬೇರೆಯದೇ ನೋವು ಇತ್ತು. ಕೇಸಿನ ಕಾಗದ ಮರಾಠಿಯಲ್ಲಿ ಬಂದಿದೆ, ಮಗ ಓದಿ ಹೇಳಿದ್ದಾನೆ. ಜನರಿಗೆ ಹೊಡೀರಿ ಎಂದು ಹೇಳಿದ ಎಂದು ಬರೆದಿದ್ದಾರಂತೆ. ಅಂಥ ಮಾತು ತನ್ನ ಬಾಯಿಂದ ಬಂದದ್ದೇ ಇಲ್ಲ, ಯಾರೋ ಬೇಕೆಂದೇ ಸುಳ್ಳು ಹುಟ್ಟಿಸಿದ್ದಾರೆ ಎಂದು ಅವರು ನಂಬಿದ್ದಾರೆ. ಊರಿನ ನಾಲ್ಕು ಜನರಾದರೂ ಅದನ್ನು ಖರೆ ಎಂದುಕೊಂಡಿದ್ದಾರೆ. ಪಂಚಾಯ್ತಿಗೆ ಅವರನ್ನು ಈಗ ಕರೆಯುವುದಿಲ್ಲವಂತೆ.

ಅಕ್ಕಾ, ತನ್ನನ್ನು ಯಾಕೆ ಹೊಡೆದರು ಎಂಬುದು ಆ ಮನುಷ್ಯನಿಗೆ ಇನ್ನೂ ಗೊತ್ತೇ ಇರಲಿಲ್ಲ.

ನೀವು ಮಾರ್ರಿ ಎಂದದ್ದು ಅವರಿಗೆ ಮಾರ ರೇ ಎಂದು ಕೇಳಿರಬಹುದಲ್ಲವೇ ಎಂದೆ, ನನ್ನದೇ ಊಹೆ ಎನ್ನುವ ಹಾಗೆ. ಅವರು ಆ ಎರಡು ಮಾತನ್ನು ಬಾಯೊಳಗೇ ಹೇಳಿ ನೋಡಿಕೊಂಡರು. ಆಮೇಲೆ, ‘ಮರಾಠಿ ನನಗೂ ಬರ್ತದ ತಮ್ಮಾ. ಅವರ ಜೋಡಿ ಅವರ ಮಾತ ಆಡ್ತೀನಿ. ನಮ್ಮವರ್ನ ಕರಿಯೂವಾಗ ನಮ್ಮ ಮಾತ ಬರ್ತದಲ್ಲ’ ಎಂದರು. ಸುಳ್ಳು ಹೇಳಿದವರು ಯಾರೂ ಇಲ್ಲ ಎಂದು ತಿಳಿದಾಗ ಮನುಷ್ಯನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರ ಮುಖ ಇನ್ನಷ್ಟು ಬಾಡಿತು. ಸಿಟ್ಟಾಗಲು ಇದ್ದ ಒಬ್ಬನೂ ಕೈತಪ್ಪಿದ ಹಾಗೆ.

ಏಳುವಾಗ ಸಾವಿತ್ರಿಬಾಯಿ ಹೇಳಿದರು, ‘ಅಲ್ಲಿ ಒಬ್ಬಾಕಿ ಪೊಲೀಸ ಹುಡುಗಿ ಇದ್ದಳಂತ. ಕನ್ನಡದಾಗ ಮಾತಾಡಿಸಿ ನೀರ ಕೊಟ್ಟಳಂತ. ಆಕಿ ಸಿಕ್ಕರ ಖರೆ ಹೇಳ್ತಾಳ.’ ನಾನು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸಿದೆ. ನಿನ್ನ ಹೆಸರು ಹೇಳಲಿಲ್ಲ.

ಇನ್ನೊಂದು ಸುದ್ದಿ ನಿನ್ನೆಯದು. ನಿನ್ನ ಮಾತುಗಳನ್ನು ಬಿಟ್ಟು, ಕಲಮುಗಳನ್ನೇ ಹಿಡಿದು ವಾದ ಮಾಡಿದೆ. ಕಾಯಿದೆಯಲ್ಲಿ ಅಧಿಕಾರಿಗೆ ರಕ್ಷಣೆ ಕೊಡುವ ಸದ್ಭಾವನೆ ಎಂದರೆ ಬರೀ ಒಳ್ಳೆಯ ಮನಸ್ಸಲ್ಲ, ತಕ್ಕಷ್ಟು ಎಚ್ಚರ ಮತ್ತು ಲಕ್ಷ್ಯದಿಂದ ಮಾಡಿದ್ದಾಗಿರಬೇಕು. ಶೀತಲ ಅಲ್ಲಿಯೇ ಕೈಯಿಟ್ಟಳು. ನ್ಯಾಯಾಧೀಶರು ನನ್ನ ಕಡೆ ತಿರುಗಿ, ಮುದುಕ ಏನು ಹೇಳುತ್ತಿದ್ದಾನೆಂದು ಖಾತ್ರಿ ಮಾಡಿಕೊಳ್ಳಲು ಅಧಿಕಾರಿಯ ಹತ್ತಿರ ಯಾರಾದರೂ ಇದ್ದರೇ ಎಂದು ಕೇಳಿದರು.

ನನ್ನ ಕಣ್ಣ ಮುಂದೆ ನೀನು ನಿಂತಿದ್ದೆ, ನಿನ್ನ ಸಾಹೇಬರ ಎಡಗಡೆಗೆ.

‘ಅಂಥವರು ಇದ್ದರೆಂದು ದಾಖಲೆಯಲ್ಲಿ ಇಲ್ಲ, ಮಹೋದಯರೇ’ ಎಂದೆ. ಮಾಕ್ ಟ್ರಯಲಿನ ನಿಯಮದಂತೆ ಅದು ಸರಿಯಾದ ಉತ್ತರ. ಅವರು ತಲೆಯಾಡಿಸಿ ಬರೆದುಕೊಂಡರು. ಗೆದ್ದದ್ದು ನಾನೇ. ಅಪ್ಪನಿಗೆ ಫೋನ್ ಮಾಡಲಿಲ್ಲ. ಬಹುಮಾನದ ಢಾಲು ಹಾಸ್ಟೆಲಿನ ಕಪಾಟಿನಲ್ಲಿದೆ.

ನೀನು ಏನು ಮಾಡಬೇಕೆಂದು ಹೇಳಲು ನಾನು ಯಾರೂ ಅಲ್ಲ. ಕೆಲಸ ನಿನ್ನದು, ಆ ಕೆಲಸಕ್ಕಾಗಿ ಓಡಿದ ಕಾಲೂ ನಿನ್ನವು. ನನಗೆ ಗೊತ್ತಿರುವುದು ಇಷ್ಟೇ: ದಾಖಲೆಯಲ್ಲಿ ಇಲ್ಲ ಎಂದು ನಾಳೆ ಖರೆ ಕೋರ್ಟಿನ ವಕೀಲನೂ ಹೇಳುತ್ತಾನೆ. ಅವನು ಹೇಳುವುದೂ ಸರಿಯಾಗಿಯೇ ಇರುತ್ತದೆ.

ಶುಭಂ


ಮಹಿಳಾ ಪೊಲೀಸ್ ವಸತಿಗೃಹ
27 ಮಾರ್ಚ್ 2025

ಶುಭಂ,

ಚೌಕಶಿ ಮುಗಿಯಿತು.

ಪ್ರಾಂತ ಅಧಿಕಾರಿ ಒಬ್ಬ ಹೆಂಗಸು. ಬೆಳಗಿನಿಂದ ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದರು. ನನ್ನ ಸರದಿ ಊಟದ ಬಿಡುವಿಗೆ ಸ್ವಲ್ಪ ಮುಂಚೆ ಬಂತು. ಜಬಾಬು ಓದಿ ಹೇಳಿ, ಬರೋಬರ ಇದೆಯಲ್ಲ ಎಂದು ಕೇಳಿ, ಅವರಾಗಲೇ ಮುಂದಿನ ಕಾಗದಕ್ಕೆ ಕೈ ಹಾಕಿದ್ದರು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ಬರೋಬರ ಇದೆ, ಆದರೆ ಪೂರ್ತಿ ಇಲ್ಲ ಎಂದೆ. ಟೈಪ್ ಮಾಡುವವನ ಕೈ ನಿಂತಿತು.

ಆವಾಜು ಬರೆದಿದ್ದೀರಿ, ಅರ್ಥ ಬರೆದಿಲ್ಲ ಎಂದು ಹೇಳಿ ಧೂಳಪ್ಪ ಕೂಗಿದ್ದನ್ನು ಪೂರ್ತಿ ಹೇಳಿದೆ, ಆತ ಹೇಳಿದ ಹಾಗೆಯೇ, ಕನ್ನಡದಲ್ಲಿ. ಆ ಕಚೇರಿಯಲ್ಲಿ ನನ್ನ ದನಿ ನನಗೇ ಹೊಸದಾಗಿ ಕೇಳಿತು. ಇನ್ನೊಮ್ಮೆ ಹೇಳಿರಿ ಎಂದರು. ಹೇಳಿದೆ. ಪದ ಪದಕ್ಕೆ ಮರಾಠಿಯಲ್ಲಿ ಅರ್ಥ ಬರೆಸಿಕೊಂಡರು.

ಸಾಹೇಬರ ಬಗ್ಗೆಯೂ ಹೇಳಿದೆ. ಅವರಿಗೆ ಕನ್ನಡ ಗೊತ್ತಿರಲಿಲ್ಲ, ಅವರು ಕೇಳಿದ್ದು ಅವರಿಗೆ ಕೇಳಿದ ಹಾಗೆಯೇ ಇತ್ತು, ಅದರಲ್ಲಿ ಕಪಟ ಇರಲಿಲ್ಲ ಎಂದೆ. ಸಾರಿದ್ದು ಒಂದೇ ಸಲ ಎಂಬುದನ್ನೂ ಹೇಳಿದೆ. ನನಗೆ ಗೊತ್ತಿತ್ತು, ನಾನು ತಡ ಮಾಡಿದೆ ಎಂಬುದನ್ನೂ ಹೇಳಿದೆ. ಯಾವುದನ್ನಾದರೂ ಬಿಟ್ಟಿದ್ದರೆ ಮತ್ತೆ ಅದು ಆವಾಜಿನ ಜಬಾಬೇ ಆಗುತ್ತಿತ್ತು.

ಕಡೆಗೆ ಅವರು ಪೆನ್ನು ಕೆಳಗಿಟ್ಟು ಕೇಳಿದರು, ನೀವು ತಕ್ಷಣ ಹೇಳಿದ್ದರೆ ಲಾಠಿ ನಿಲ್ಲುತ್ತಿತ್ತೇ ಎಂದು. ಗೊತ್ತಿಲ್ಲ ಎಂದೆ. ಅದನ್ನೂ ಬರೆಸಿಕೊಂಡರು.

ಹೊರಗೆ ವರಾಂಡದಲ್ಲಿ ಸಾಹೇಬರಿದ್ದರು. ನನ್ನ ಕಡೆ ನೋಡಲಿಲ್ಲ. ಬರುವಾಗ ಅವರ ಜೀಪಿನಲ್ಲೇ ಬಂದಿದ್ದೆ, ಹೋಗುವಾಗ ಜೀಪು ಇರಲಿಲ್ಲ. ರಿಕ್ಷಾ ಮಾಡಿಕೊಂಡು ಬಂದೆ. ಮೊದಲಿನ ಜಬಾಬಿಗೂ ಇದಕ್ಕೂ ಫರಕು ಯಾಕೆ ಬಂತು ಎಂದು ನನಗೆ ನೋಟೀಸು ಬಂದಿದೆ. ಬದಲಿ ಆಗುತ್ತದೆ, ಇನ್ನೂ ದೂರ ಹಾಕುತ್ತಾರೆ ಎಂದು ಟಪಾಲಿನವರೇ ಹೇಳುತ್ತಾರೆ. ಧೂಳಪ್ಪನ ಕೇಸು ಏನಾಗುತ್ತದೋ ಗೊತ್ತಿಲ್ಲ, ವರದಿ ಮೇಲಕ್ಕೆ ಹೋಗಬೇಕು.

ಕೋಣೆಯಲ್ಲಿ ಈಗ ನನ್ನ ಜೊತೆ ಊಟಕ್ಕೆ ಕೂರುವವರು ಕಡಿಮೆ. ನಂದಾ ಎಂಬವಳು ಮಾತ್ರ ನಿನ್ನೆ ಬಟ್ಟೆ ಒಣಗಿಸುವಾಗ ಹತ್ತಿರ ಬಂದಳು. ಹೊಸಬರ ಸಾಲಿನಲ್ಲಿ ಅವಳೂ ಅವತ್ತು ಯಾರ್ಡಿನಲ್ಲಿ ಓಡಿದ್ದಳು. ಮಾರ್ರಿ ಎಂದರೆ ಖರೆ ಅದೇ ಅರ್ಥವೇ ಎಂದು ಕೇಳಿದಳು. ಹೌದು ಎಂದೆ. ಹಾಗಾದರೆ ನಿಲ್ಲಿ ಎನ್ನುವುದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದಳು. ಹೇಳಿಕೊಟ್ಟೆ. ಅವಳ ಬಾಯಲ್ಲಿ ಅದು ಬೇರೆಯೇ ಏನೋ ಆಗಿ ಬಂತು. ಇಬ್ಬರೂ ಸ್ವಲ್ಪ ನಕ್ಕೆವು.

ಅಪ್ಪನಿಗೂ ಅವ್ವನಿಗೂ ನಾನೇ ಹೇಳುತ್ತೇನೆ. ಧೂಳಪ್ಪನವರಿಗೆ ನೀನು ಹೇಳು. ಯಾರು ಎಂಬುದನ್ನೂ ಹೇಳು, ತಡ ಮಾಡಿದ್ದನ್ನೂ ಹೇಳು. ಅವರು ಏನಂದರೂ ಬರಿ, ನನ್ನ ಮನಸ್ಸಿಗೆ ನೋವಾಗುತ್ತದೆಂದು ತಿದ್ದಿ ಬರೆಯಬೇಡ.

ದೀಪಾಲಿ


ಸೋಲಾಪುರ
6 ಏಪ್ರಿಲ್ 2025

ಅಕ್ಕಾ,

ಇವತ್ತು ಮಂದ್ರೂಪದಿಂದ ಬಂದೆ, ಕೈಕಾಲು ತೊಳೆದು ನೇರ ಬರೆಯಲು ಕೂತಿದ್ದೇನೆ.

ಆ ಹುಡುಗಿ ನನ್ನ ಅಕ್ಕ, ಕರಜಗಿಯ ಸಾಯಬಣ್ಣನ ಮಗಳು ಎಂದೆ. ಹೋದ ಸಲ ಮುಚ್ಚಿಟ್ಟದ್ದಕ್ಕೆ ಸಾವಿತ್ರಿಬಾಯಿಗೆ ಬೇಸರವಾಯಿತು. ಅದನ್ನು ಮುಖಕ್ಕೇ ಹೇಳಿದರು, ನಾನು ಕೇಳಿಸಿಕೊಂಡೆ. ಚೌಕಶಿಯಲ್ಲಿ ನೀನು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಅವರ ಮಗ ಎದ್ದು ಹೋಗಿ ಪಂಚಾಯ್ತಿಯ ಇಬ್ಬರನ್ನು ಕರೆತಂದ. ಇನ್ನೊಮ್ಮೆ ಹೇಳು ಎಂದ. ಅವರ ಎದುರು ಮತ್ತೆ ಹೇಳಿದೆ. ಅವರಲ್ಲಿ ಒಬ್ಬರು ಹಣಮಂತಪ್ಪ ಎಂದು. ಧೂಳಪ್ಪಕಾಕಾನ ಪಕ್ಕದಲ್ಲಿ ಬಂದು ಕೂತರು.

ಕೇಸು ಇನ್ನೂ ಇದೆ. ಮುಂದಿನ ತಾರೀಕಿಗೆ ನಾನೂ ಅವರ ವಕೀಲರ ಹಿಂದೆ ಹೋಗಿ ಕೂರುತ್ತೇನೆ. ಶೀತಲಳೂ ಬರುತ್ತೇನೆ ಎಂದಿದ್ದಾಳೆ. ಅವಳಿಗೆ ಎಲ್ಲ ಹೇಳಿದೆ. ಗೆದ್ದದ್ದು ನೀನೇ ಎಂದೆ. ಅವಳು ತಾರೀಕು ಯಾವತ್ತು ಎಂದು ಕೇಳಿದಳು.

ಎಲ್ಲರೂ ಹೋದ ಮೇಲೆ ಕಾಕಾ ನನ್ನನ್ನು ಹತ್ತಿರ ಕರೆದರು. ನೀನು ತಡ ಮಾಡಿದ ಮಾತನ್ನು ಅವರು ಅಷ್ಟು ಹೊತ್ತು ಒಳಗೇ ಇಟ್ಟುಕೊಂಡಿದ್ದರು. ‘ಆ ಗದ್ದಲದಾಗ ಆಕಿ ಬಾಯಿ ತಗದಿದ್ದರೂ ಯಾರ ಕೇಳ್ತಿದ್ದರು? ಯಾರೂ ಕೇಳ್ತಿದ್ದಿಲ್ಲ’ ಎಂದರು. ನನಗೆ ಹಗುರಾಯಿತು. ಇದನ್ನು ಅಕ್ಕನಿಗೆ ಬರೆಯುತ್ತೇನೆ ಎಂದೆ.

ಅವರು, ‘ಆದರ ತಗೀಬೇಕಾಗಿತ್ತು, ತಮ್ಮಾ’ ಎಂದರು.

ನಾನು ಹೊರಟಾಗ ಬಾಗಿಲವರೆಗೆ ಬಂದು ಹೇಳಿದರು, ‘ಎರಡೂ ಮಾತ ಬರೀ. ಒಂದ ಅಷ್ಟ ಬರೀಬ್ಯಾಡ.’

ಎರಡನ್ನೂ ಬರೆದಿದ್ದೇನೆ.

ಶುಭಂ